ಅತ್ತೆಯ ಹೊಟ್ಟೆಯಲ್ಲಿ ಒಂದು ಅಂಗುಲ

೧

ಎಲ್ಲಿಂದ ಶುರು ಮಾಡಲಿ? ಬಿರುಕಿನ ಕಥೆ ಬರೆಯಲು ಕೂತವರ ಮೊದಲ ತಾಪತ್ರಯ ಇದೇ ಇರಬೇಕು. ತಾನು ಎಲ್ಲಿಂದ ಶುರುವಾದೆ ಎಂದು ಬಿರುಕಿಗೂ ಗೊತ್ತಿರುವುದಿಲ್ಲ.

(ಈ ವಾಕ್ಯ ಜಾಣತನದ್ದಾಯಿತು ಅನ್ನಿಸಿದ ಕೂಡಲೇ ಹೊಡೆದುಹಾಕಿದೆ. ಆಮೇಲೆ ಪಾಪ ಅನ್ನಿಸಿ ಉಳಿಸಿಕೊಂಡೆ. ನನ್ನ ದಿನಚರಿಯ ತುಂಬ ಇಂಥವೇ ಇವೆ. ಒಂದಾದರೂ ಹೊರಗಿನ ಗಾಳಿ ಕಾಣಲಿ.)

ಮೊದಲ ಕರಡು ಸ್ಫೋಟದಿಂದ ಶುರುವಾಗಿತ್ತು. "ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ಓರಿಸಿಯಾ ಓಡುತ್ತಿದ್ದಳು" ಎಂದು. ಒಂದೂವರೆ ಪುಟ ಬರೆದು ಹರಿದೆ. ಆ ದಿನ ಆಕಾಶ ಯಾವ ಬಣ್ಣಕ್ಕೂ ತಿರುಗಲಿಲ್ಲ. ರಾಕಿ ಬೆಟ್ಟಗಳ ಬುಡದಲ್ಲಿ ಜೂನ್ ತಿಂಗಳ ಶುಕ್ರವಾರ ಹೇಗಿರುತ್ತದೋ ಹಾಗೇ ಇತ್ತು. ಬಿಸಿಲಿದ್ದೂ ಜಾಕೆಟ್ ಬೇಕು, ಜಾಕೆಟ್ ಹಾಕಿದರೂ ಸೊಳ್ಳೆ ಬಿಡುವುದಿಲ್ಲ. ಓರಿಸಿಯಾ ಓಡುವವಳೂ ಅಲ್ಲ. ಕಣ್ಣೆದುರೇ ಬಸ್ಸು ಹೊರಟುಹೋದರೆ, ತನಗೆ ಬೇಕಾಗಿದ್ದದ್ದು ಮುಂದಿನ ಬಸ್ಸೇ ಎನ್ನುವ ಮುಖ ಮಾಡಿಕೊಂಡು ನಿಲ್ಲುವವಳು.

ಎರಡನೆಯ ಕರಡಿನಲ್ಲಿ ನಾಯಕ ಜಲಜನಕ. "ನಾನು ಜಲಜನಕ. ಈ ಲೋಕದಲ್ಲಿ ನನಗಿಂತ ಚಿಕ್ಕವರು ಯಾರೂ ಇಲ್ಲ" ಎಂದು ಭರ್ಜರಿಯಾಗಿ ಎದ್ದಿತು. ನಾಯಕನ ಚರಿತ್ರೆ ಹೀಗೆ: ನಮ್ಮ ಕಡೆ ನೆಲದಡಿಯಿಂದ ಬರುವುದಕ್ಕೆ ಹುಳಿ ಗ್ಯಾಸು ಎಂದು ಹೆಸರು. ಕೊಳೆತ ಮೊಟ್ಟೆಯ ನಾತ. ಹೆಚ್ಚಾದರೆ ಮೊದಲು ಮೂಗು ಸಾಯುತ್ತದೆ, ಆಮೇಲೆ ಮನುಷ್ಯ. ಅದಕ್ಕೆ ನೀರಿನ ಸಂಗ ಸಿಕ್ಕರೆ ಉಕ್ಕನ್ನು ಕಚ್ಚುತ್ತದೆ. ಕಚ್ಚಿದಲ್ಲಿ ಜಲಜನಕ ಒಂಟೊಂಟಿಯಾಗಿ ಹುಟ್ಟಿ, ಬಟ್ಟೆಯಲ್ಲಿ ಮಜ್ಜಿಗೆ ಇಳಿದಂತೆ ಉಕ್ಕಿನೊಳಗೆ ಇಳಿಯುತ್ತದೆ. ಒಳಗೆಲ್ಲೋ ಒಂದು ಪೊಳ್ಳು ಸಿಗುತ್ತದೆ. ಅಲ್ಲಿ ಇನ್ನೊಂದು ಒಂಟಿ ಸಿಗುತ್ತದೆ. ಜೋಡಿಯಾದ ಮೇಲೆ ಬಂದ ದಾರಿಯಲ್ಲಿ ಹಿಂದಕ್ಕೆ ಹೋಗಲಾಗುವುದಿಲ್ಲ, ದಪ್ಪವಾಗಿಬಿಟ್ಟಿರುತ್ತವೆ. ಅದೇ ಪೊಳ್ಳಿಗೆ ಇನ್ನಷ್ಟು ಜೋಡಿಗಳು ಬಂದು ಸಂಸಾರ ಹೂಡುತ್ತವೆ. ಜಾಗ ಸಾಲುವುದಿಲ್ಲ. ಒಂದು ದಿನ ಗೋಡೆ ಬಿರಿಯುತ್ತದೆ.

ಬೆಸುಗೆಗೂ ಇದೇ ಕಾಟ. ಗಾಳಿಯ ತೇವದಿಂದ, ಹಳೆಯ ಉಕ್ಕು ವರ್ಷಗಟ್ಟಲೆ ಕುಡಿದದ್ದರಿಂದ, ಜಲಜನಕ ಕರಗಿದ ಲೋಹಕ್ಕೆ ಸೇರಿಕೊಳ್ಳುತ್ತದೆ. ಆದರೆ ಬಿರುಕು ಆ ಕ್ಷಣ ಬರುವುದಿಲ್ಲ. ಬೆಸುಗೆ ಆರಿ, ಎಲ್ಲರೂ ಹೊಗಳಿ, ಮನೆಗೆ ಹೋದ ಮೇಲೆ, ಒಂದು ದಿನಕ್ಕೋ ಒಂದೂವರೆ ದಿನಕ್ಕೋ ಬರುತ್ತದೆ. ಬಂದರೆ. ಬಾರದೆಯೂ ಇರಬಹುದು. ಆದ್ದರಿಂದ ನಮ್ಮಲ್ಲಿ ನಿಯಮ: ಕೊನೆಯ ಬೆಸುಗೆ ಹಾಕಿ ನಲವತ್ತೆಂಟು ಗಂಟೆ ಕಳೆಯುವ ಮೊದಲು ಪರೀಕ್ಷೆ ಮಾಡುವಂತಿಲ್ಲ. ಮೊದಲೇ ನೋಡಿ "ಬಿರುಕಿಲ್ಲ" ಎಂದರೆ ಅದು ಸುಳ್ಳಲ್ಲ. ನಿಜವೂ ಅಲ್ಲ.

(ಈ ಕರಡನ್ನೂ ಬಿಟ್ಟೆ. ಜಲಜನಕಕ್ಕೆ ಕಾಫಿ ಕುಡಿಯಲು ಬರುವುದಿಲ್ಲ, ಒಂದು ಮಾತಿಗೆ ಎದುರು ಮಾತು ಬರುವುದಿಲ್ಲ. ಆದರೆ ನಲವತ್ತೆಂಟು ಗಂಟೆಯ ಸಂಗತಿಯೊಂದನ್ನು ಮರೆಯಬೇಡಿ. ಉಳಿದದ್ದು ಮರೆತರೆ ನಡೆಯುತ್ತದೆ.)

೨

ಸರಿ, ಮನುಷ್ಯರಿಂದ ಶುರು ಮಾಡುತ್ತೇನೆ.

ಓರಿಸಿಯಾ ಹ್ರೆಚ್ಕಾಗೆ ಇಪ್ಪತ್ತಾರು. ಬೆಸುಗೆ ಪರೀಕ್ಷೆ ಅವಳ ಕೆಲಸ. ಕಬ್ಬಿಣದ ಪುಡಿ ಕಲಸಿದ ದ್ರವವನ್ನು ಬೆಸುಗೆಯ ಮೇಲೆ ಹಾಯಿಸಿ, ಅಯಸ್ಕಾಂತ ಒತ್ತಿ ಹಿಡಿದು, ನೇರಳೆ ದೀಪದಲ್ಲಿ ನೋಡುತ್ತಾಳೆ. ಬಿರುಕಿದ್ದರೆ ಪುಡಿ ಅಲ್ಲಿ ಸಾಲುಗಟ್ಟಿ ಹಸಿರಾಗಿ ಹೊಳೆಯುತ್ತದೆ. ಇಲ್ಲದಿದ್ದರೆ ಏನೂ ಕಾಣುವುದಿಲ್ಲ. ಏನೂ ಕಾಣದಿರುವುದನ್ನು ಗಮನವಿಟ್ಟು ನೋಡುವುದೇ ಅವಳ ದುಡಿಮೆಯ ಬಹುಪಾಲು. ಅದು ಅವಳಿಗೆ ಒಗ್ಗಿತ್ತು. ಉಕ್ಕು ತಿರುಗಿ ನೋಡುವುದಿಲ್ಲವಲ್ಲ.

ನಮ್ಮ ಗ್ಯಾಸ್ ಸ್ಥಾವರವನ್ನು ನಾಲ್ಕು ವರ್ಷಕ್ಕೊಮ್ಮೆ ನಿಲ್ಲಿಸಿ, ಹಂಡೆಗಳನ್ನೆಲ್ಲ ತೆರೆದು ತೊಳೆದು ಪರೀಕ್ಷಿಸುತ್ತಾರೆ. ಗ್ಯಾಸಿನಿಂದ ನೀರು ಬೇರೆ ಮಾಡುವ ಒಂದು ಹಂಡೆ ಇದೆ, ಬಸ್ಸಿನಷ್ಟು ದೊಡ್ಡದು, ೧೯೭೮ರಲ್ಲಿ ಬಂದದ್ದು. ಕೆಲಸದವರು ಅದನ್ನು ಅತ್ತೆ ಎನ್ನುತ್ತಾರೆ. ಬಂದಾಗಿನಿಂದ ಹೊಟ್ಟೆಯಲ್ಲಿ ಹುಳಿ ಇಟ್ಟುಕೊಂಡು ಕೂತಿದ್ದಾಳೆ, ಹೊರಡುವ ಮಾತೇ ಆಡುವುದಿಲ್ಲ ಎಂದು. ಈ ಸಲ ತೆರೆದಾಗ ಅತ್ತೆಯ ಹೊಟ್ಟೆಯ ಒಳಗೋಡೆಯಲ್ಲಿ ಒಂದು ಕಡೆ ಉಕ್ಕು ಉಬ್ಬಿತ್ತು. ಅಷ್ಟನ್ನು ಕತ್ತರಿಸಿ ಹೊಸ ತುಂಡು ಕೂರಿಸಿ ಬೆಸೆದವನು ಗಾರ್ನೆಟ್ ಬೆಲ್‌ಕೋರ್.

ಗಾರ್ನೆಟ್‌ಗೆ ಅರವತ್ತಮೂರು. ಮೆಟೀ ಜನ, ಎಂದರೆ ಇಲ್ಲಿನ ಮೂಲನಿವಾಸಿಗಳೂ ಫ್ರೆಂಚರೂ ಬೆರೆತ ಕುಲದವನು; ಈ ಕಣಿವೆಯಲ್ಲಿ ಅವನಿಗೆ ಗೊತ್ತಿಲ್ಲದ ಕೊಳವೆ ಇಲ್ಲ. ಅವನ ಬೆಸುಗೆ ನೋಡಿದರೆ ಸೀರೆಯ ಅಂಚಿಗೆ ಕೈಹೊಲಿಗೆ ಹಾಕಿದ ಹಾಗೆ. ಆಗಸ್ಟಿನಲ್ಲಿ ನಿವೃತ್ತಿ.

(ಸೀರೆ ಇಲ್ಲಿ ಯಾಕೆ ಬಂತು ಎಂದು ಓರಿಸಿಯಾ ಕೇಳಿದಳು. ಬಂತು, ಏನು ಮಾಡಲಿ. ನಾನೂ ಇಲ್ಲಿ ಇರುವವಳೇ. ಟ್ರೇಲರಿನಲ್ಲಿ ಕೂತು ಪರೀಕ್ಷೆಯ ಕಾಗದಗಳನ್ನು ಜೋಡಿಸಿ ಕಡತಕ್ಕೆ ಹಾಕುವುದು ನನ್ನ ಕೆಲಸ. ಯಾರೂ ಇಲ್ಲವೆಂದುಕೊಂಡು ಜನ ನನ್ನೆದುರು ಮಾತಾಡುತ್ತಾರೆ. ಕಥೆ ಬರೆಯಲು ನನಗಿರುವ ಅರ್ಹತೆ ಅಷ್ಟೇ.)

೩

ಈಗ ಪದ್ಧತಿಯ ವಿಷಯ. ಬೆಸುಗೆಗಾರ ಕೊನೆಯ ಗೆರೆ ಎಳೆದ ಮೇಲೆ, ಬಿಳಿ ಬಣ್ಣದಲ್ಲಿ ಉಕ್ಕಿನ ಮೇಲೇ ತನ್ನ ಗುರುತನ್ನೂ ಮುಗಿಸಿದ ವೇಳೆಯನ್ನೂ ಬರೆಯುತ್ತಾನೆ. ಪರೀಕ್ಷೆಯವರು ಅಲ್ಲಿಂದ ಗಂಟೆ ಎಣಿಸುತ್ತಾರೆ. "ಇದು ನಿಜವೇ?" ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಅವನ ತಾಯಿಯ ನಡತೆಯ ಬಗ್ಗೆ ಕೇಳಿದಷ್ಟೇ ಅವಮಾನ.

ಅತ್ತೆಯ ಹೊಟ್ಟೆಯಲ್ಲಿ ಗಾರ್ನೆಟ್ ಬರೆದಿದ್ದದ್ದು: ಮಂಗಳವಾರ, ಮಧ್ಯಾಹ್ನ ಒಂದೂವರೆ. ಗುರುವಾರ ಎರಡು ಗಂಟೆಗೆ ಓರಿಸಿಯಾ ಒಳಗಿಳಿದು ನೋಡಿದಳು. ಏನೂ ಕಾಣಲಿಲ್ಲ. ಸಹಿ ಹಾಕಿದಳು. ಸಂಜೆ ಇಪ್ಪತ್ತೆಂಟು ಬೋಲ್ಟು ಬಿಗಿದು ಅತ್ತೆಯ ಬಾಯಿ ಮುಚ್ಚಿದರು. ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಗ್ಯಾಸು ಬಿಡುವುದೆಂದಾಯಿತು. ಅದಾದ ಮೇಲೆ ಓರಿಸಿಯಾ ನಾಲ್ಕು ಗಂಟೆ ಕಾರು ಓಡಿಸಿಕೊಂಡು ಊರಿಗೆ ಹೋಗಬೇಕು. ಅವಳ ಅಜ್ಜಿ ತೀರಿಕೊಂಡು ಶನಿವಾರಕ್ಕೆ ನಲವತ್ತು ದಿನ. ಚರ್ಚಿನಲ್ಲಿ ಪ್ರಾರ್ಥನೆ, ಆಮೇಲೆ ಊಟ.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಕಾಫಿ. ಗಾರ್ನೆಟ್ ತನ್ನ ಹೆಂಡತಿ ಸುಟ್ಟುಕೊಟ್ಟ ಬ್ಯಾನಕ್ ರೊಟ್ಟಿಯ ಪೊಟ್ಟಣ ಬಿಚ್ಚಿ ಮೇಜಿನ ನಡುವೆ ಇಟ್ಟ.

"ತಗೋ ಮರಿ, ತಿನ್ನು. ನಾಳೆ ಅಜ್ಜಿ ಕಾರ್ಯ ಅಂತ ಇವತ್ತಿಂದ್ಲೇ ಉಪವಾಸ ಬಿದ್ದಿದೀಯಾ?"

"ಹಸಿವಿಲ್ಲ ಅಷ್ಟೆ."

"ನಲವತ್ತು ದಿನ ಆತ್ಮ ಇಲ್ಲೇ ಸುತ್ತಾಡ್ತಿರತ್ತೆ ಅಂತೀರಲ್ಲ ನಿಮ್ಮ ಕಡೆ? ಹೋಗಿ ನೆಟ್ಟಗೆ ಕಳಿಸಿಕೊಡು, ಪಾಪ. ಅದಕ್ಕೇ ನಾನು ನಿನ್ನೆ ಬೆಳಿಗ್ಗೆ ಅತ್ತೆಗೊಂದು ಸಣ್ಣ ತೇಪೆ ಹಾಕಿಬಿಟ್ಟೆ."

"ಏನ್ ತೇಪೆ?"

"ಅಂಚಲ್ಲಿ ಕಣೇ. ಒಂದಂಗುಲ ಜಾಗ ಸ್ವಲ್ಪ ಕೊರೆದ ಹಾಗಿತ್ತು. ನಿನ್ನ ಕಣ್ಣಿಗೆ ಬಿದ್ರೆ ಬಿಡ್ತಿದ್ಯಾ? ಮೊದಲಿಂದ ಮಾಡು ಅಂತಿದ್ದೆ. ಒಂದೇ ಗೆರೆ, ಸರ್ರ್ ಅಂತ ಎಳೆದೆ. ಆರೂವರೆಗೆ ಒಳಗೆ, ಆರೂ ಮುಕ್ಕಾಲಿಗೆ ಹೊರಗೆ ಟೀ ಕುಡೀತಿದ್ದೆ."

"ವೇಳೆ... ಮಂಗಳವಾರದ್ದೇ ಇತ್ತು."

"ಇರಲಿ ಅಂತ ಬಿಟ್ಟೆ. ಬದಲಾಯಿಸಿದ್ರೆ ನಲವತ್ತೆಂಟು ಗಂಟೆ ಮತ್ತೆ ಮೊದಲಿಂದ. ನೀನು ಶನಿವಾರ ಇಲ್ಲಿ, ಅಜ್ಜಿ ಅಲ್ಲಿ. ಒಂದಂಗುಲಕ್ಕೆ!"

"ಉಕ್ಕು ಬಿಸಿ ಮಾಡಿಕೊಂಡ್ರಾ ಮೊದ್ಲು?"

"ಸ್ವಲ್ಪ ಜ್ವಾಲೆ ತೋರಿಸ್ದೆ. ಏನೇ, ಪೊಲೀಸು ಯಾವಾಗ ಸೇರಿದೆ?" ಎಂದು ನಕ್ಕು, ರೊಟ್ಟಿಯ ತುಂಡೊಂದನ್ನು ಅವಳ ಕೈಗೇ ಇಟ್ಟು ಎದ್ದುಹೋದ.

ಓರಿಸಿಯಾ ರೊಟ್ಟಿ ಹಿಡಿದುಕೊಂಡು ಲೆಕ್ಕ ಹಾಕಿದಳು. ಗುರುವಾರ ಆರೂವರೆಯಿಂದ ಎರಡು ಗಂಟೆಗೆ ಏಳೂವರೆ ಗಂಟೆ. ನಲವತ್ತೆಂಟಾಗಬೇಕಿದ್ದ ಬೆಸುಗೆಯನ್ನು ಏಳೂವರೆ ಗಂಟೆಗೆ ನೋಡಿ, ಬಿರುಕಿಲ್ಲ ಎಂದು ಸಹಿ ಹಾಕಿದ್ದಳು. ಗ್ಯಾಸು ಬಿಡಲು ಇನ್ನು ನಾಲ್ಕು ಗಂಟೆ.

೪

ಇಲ್ಲಿ ಓರಿಸಿಯಾ ಎದ್ದು ಲೈಲ್ ಹತ್ತಿರ ಹೋಗಬೇಕು. ಲೈಲ್ ಎಂದರೆ ಈ ಇಡೀ ಕೆಲಸದ ಮೇಲ್ವಿಚಾರಕ, ಪಕ್ಕದಲ್ಲಿರುವವರ ಜೊತೆಗೂ ಹೊಳೆಯ ಆಚೆ ದಡಕ್ಕೆ ಕೂಗಿದಂತೆ ಮಾತಾಡುವವನು. ಕಥೆಗೆ ಬೇಕಲ್ಲ ಎಂದು ನಾನು ಅವಳನ್ನು ಮೂರು ಸಲ ಎಬ್ಬಿಸಿದೆ. ಮೂರು ಸಲವೂ ಬಾಗಿಲವರೆಗೆ ಹೋಗಿ, ಕೈ ತೊಳೆದುಕೊಂಡು ಬಂದು ಕೂತಳು.

"ಹೋಗೇ," ಎಂದೆ, ಕರಡಿನಲ್ಲೇ.

"ಏನಂತ ಹೇಳ್ಲಿ? ಒಂದಂಗುಲ. ನೂರಕ್ಕೆ ತೊಂಬತ್ತೊಂಬತ್ತು ಸಲ ಏನೂ ಆಗಲ್ಲ."

"ಮತ್ತೆ ಸುಮ್ನಿರು ಹಾಗಾದ್ರೆ."

"ಸುಮ್ನಿರೋದು ಹೇಗೆ? ತಣ್ಣಗಿರೋ ಉಕ್ಕಿನ ಮೇಲೆ ಎಳೆದಿದಾನೆ. ಆ ಜಾಗ ಗಾಜಿನ ಥರ ಗಟ್ಟಿ ಆಗಿರತ್ತೆ. ಇವತ್ತು ಬಿರುಕಿಲ್ದೆ ಇದ್ರೂ ಒದ್ದೆ ಹುಳಿ ಗ್ಯಾಸು ತಗುಲಿದ ಮೇಲೆ ಬರಬಹುದು. ಬರದೇನೂ ಇರಬಹುದು. ನಂಗೊತ್ತಿಲ್ಲ!"

"ಅದನ್ನೇ ಹೇಳು."

"ಅವನು ನನಗೋಸ್ಕರ ಮಾಡಿದ್ದು. ಶನಿವಾರ ಹೋಗಬೇಕು, ಹೋಗಲೇಬೇಕು ಅಂತ ಇದೇ ಮೇಜಿನ ಮುಂದೆ ಕೂತು ವಾರಪೂರ್ತಿ ಅತ್ತವಳು ನಾನು. ಆ ಗೆರೆ ಅರ್ಧ ನಾನೇ ಎಳೆದ ಹಾಗೆ. ಈಗ ಹೋಗಿ ಅವನ ಹೆಸರು ಹೇಳ್ಬೇಕಾ? ಆಗಸ್ಟಿಗೆ ಎರಡು ತಿಂಗಳಿದೆ ಅವನಿಗೆ. ಮತ್ತೆ ನೀನು, ನೀನೇನು ದೊಡ್ಡ ಹರಿಶ್ಚಂದ್ರಳಾ? ಮೂರನೇ ಕುರ್ಚೀಲಿ ಕೂತು ಎಲ್ಲಾ ಕೇಳಿಸಿಕೊಂಡ್ಯಲ್ಲ, ನೀನ್ಯಾಕೆ ಹೋಗ್ಲಿಲ್ಲ?"

(ಈ ಪ್ರಶ್ನೆಯನ್ನು ಅಳಿಸಿದ್ದೆ. ಮಾರನೆಯ ದಿನ ಕರಡು ತೆರೆದರೆ ಮತ್ತೆ ಅಲ್ಲೇ ಇತ್ತು. ಹೌದು, ನಾನೂ ಅಲ್ಲಿದ್ದೆ. ರೊಟ್ಟಿಯನ್ನೂ ತಿಂದೆ. ಆಮೇಲೆ ದಿನಚರಿಯಲ್ಲಿ "ಇವತ್ತು ಏನೋ ಸರಿಯಿಲ್ಲ" ಎಂದು ಬರೆದೆ. ಚಂದದ ಅಕ್ಷರದಲ್ಲಿ.)

೪ (ಇನ್ನೊಂದು ಸಲ)

ಮೊದಲ ಅಂತ್ಯವನ್ನು ಇಲ್ಲೇ ಕೊಡಬಹುದು. ಓರಿಸಿಯಾ ಬಾಯಿ ಬಿಡುವುದಿಲ್ಲ. ಎರಡಕ್ಕೆ ಗ್ಯಾಸು ಬಿಡುತ್ತಾರೆ. ಏನೂ ಆಗುವುದಿಲ್ಲ. ಗಾರ್ನೆಟ್ ಆಗಸ್ಟಿನಲ್ಲಿ ಕೇಕು ಕತ್ತರಿಸಿ ಮೀನು ಹಿಡಿಯಲು ಹೋಗುತ್ತಾನೆ. ಅತ್ತೆ ಇನ್ನೂ ಹನ್ನೊಂದು ವರ್ಷ ಬಾಳಿ ಗುಜರಿಗೆ ಹೋಗುತ್ತಾಳೆ. ಆ ಹನ್ನೊಂದು ವರ್ಷವೂ ಓರಿಸಿಯಾ ಎಲ್ಲೇ ಇರಲಿ, ಫೋನು ಬಡಿದುಕೊಂಡರೆ ಮೊದಲು ಗಡಿಯಾರ ನೋಡುತ್ತಾಳೆ.

ಆಗುವ ಸಾಧ್ಯತೆ ಹೆಚ್ಚಿದ್ದದ್ದು ಇದೇ. ಪ್ರಾಮಾಣಿಕವಾದ ಕಥೆಗಾರ್ತಿ ಇಲ್ಲಿಗೇ ನಿಲ್ಲಿಸುತ್ತಿದ್ದಳು.

ಆದರೆ ಹನ್ನೊಂದು ಗಂಟೆಗೆ ಓರಿಸಿಯಾ ಟ್ರೇಲರಿಗೆ ಬಂದಳು. ತನ್ನ ಸಹಿಯ ಕಾಗದವನ್ನು ಒಮ್ಮೆ ನೋಡುತ್ತೇನೆ ಎಂದಳು. ಕೊಟ್ಟೆ. ಅವಳು ಕಾಗದ ನೋಡಲಿಲ್ಲ, ಅದನ್ನು ಹಿಡಿದುಕೊಂಡು ಗೋಡೆ ನೋಡಿದಳು. ಅಲ್ಲಿ ಫೋನ್ ಪಟ್ಟಿ ಅಂಟಿಸಿತ್ತು. ಗ್ಯಾಸು ಸೋರಿದರೆ ಗಾಳಿ ಬೀಸುವ ದಿಕ್ಕಿನಲ್ಲಿ ಯಾವ್ಯಾವ ಮನೆಗೆ ಮೊದಲು ಕರೆ ಮಾಡಬೇಕು ಎನ್ನುವ ಪಟ್ಟಿ, ಹೆಸರಿನ ಮುಂದೆ ಒಂದೊಂದು ಟಿಪ್ಪಣಿ. ಟೈಪು ಮಾಡಿದವಳು ನಾನೇ. "ಥೊರ್ವಾಲ್ಡ್ಸನ್ — ಕಿವಿ ಮಂದ, ಎತ್ತುವ ತನಕ ಬಾರಿಸುತ್ತಲೇ ಇರಿ." "ಮಕ್ಲಾವ್ ಅವರ ಮನೆ — ಹಸು ಕರು ಹಾಕುವ ಕಾಲದಲ್ಲಿ ಎಲ್ಲರೂ ಕೊಟ್ಟಿಗೆಯಲ್ಲಿ, ಫೋನ್ ಕೇಳಿಸುವುದಿಲ್ಲ, ಯಾರನ್ನಾದರೂ ಓಡಿಸಿ." "ಪೆಟ್ರುಕ್ — ಗಾಲಿಕುರ್ಚಿ. ಎರಡು ಜನ ಬೇಕು."

ಅವಳು ಮೂರನ್ನೂ ಓದಿದಳು. ತುಟಿ ಅಲ್ಲಾಡುವುದು ಕಾಣುತ್ತಿತ್ತು. ಆಮೇಲೆ ಕಾಗದ ನನ್ನ ಕೈಗೆ ಕೊಟ್ಟಳು.

"ಇದನ್ನ ಕಡತಕ್ಕೆ ಹಾಕಬೇಡ," ಎಂದಳು.

"ಎಲ್ಲಿ ಹಾಕ್ಲಿ?"

"ಎಲ್ಲೂ ಹಾಕಬೇಡ. ಕೈಯಲ್ಲೇ ಹಿಡ್ಕೊಂಡಿರು."

ಹಿಡಿದುಕೊಂಡೇ ಅವಳ ಹಿಂದೆ ಹೋದೆ.

೫

ಲೈಲ್ ಪಂಪಿನ ಪಕ್ಕ ನಿಂತು, ಕ್ಯಾಲ್ಗರಿಯ ಮುಖ್ಯ ಕಚೇರಿಯವರೊಂದಿಗೆ ಫೋನಿನಲ್ಲಿ ಕೂಗುತ್ತಿದ್ದ.

"ಅತ್ತೆಗೆ ಗ್ಯಾಸು ಬಿಡಬೇಡಿ," ಎಂದಳು ಓರಿಸಿಯಾ.

"ಆಂ?"

"ಅತ್ತೆಗೆ..."

"ಜೋರಾಗಿ ಹೇಳಮ್ಮ, ಪಂಪು ಓಡ್ತಿದೆ! ಚರ್ಚಲ್ಲಿ ಪಿಸುಗುಡೋ ಹಾಗೆ ಹೇಳಿದ್ರೆ ನಂಗೇನ್ ಕೇಳ್ಸತ್ತೆ?"

"ಬಿಡಬೇಡಿ ಅಂದೆ! ನನ್ನ ಸಹಿ ತಪ್ಪು!"

ಅಷ್ಟು ಹೊತ್ತಿಗೆ ಯಾರೋ ಪಂಪು ನಿಲ್ಲಿಸಿದ್ದರು. "ನನ್ನ ಸಹಿ ತಪ್ಪು" ಎನ್ನುವುದು ಇಡೀ ಅಂಗಳಕ್ಕೆ ಕೇಳಿಸಿತು. ಮೆಟ್ಟಿಲ ಮೇಲಿದ್ದವರು ತಿರುಗಿ ನೋಡಿದರು. ಓರಿಸಿಯಾಳ ಕುತ್ತಿಗೆ ಕೆಂಪಾಗುತ್ತಾ ಕಿವಿಯವರೆಗೆ ಹತ್ತಿತು. ಆದರೂ ಹೇಳಿದಳು: ಒಂದಂಗುಲ, ಗುರುವಾರ ಆರೂವರೆ, ಏಳೂವರೆ ಗಂಟೆ. ಹೆಸರು ಮಾತ್ರ ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ, ಉಕ್ಕಿನ ಮೇಲೆ ಒಬ್ಬನದೇ ಗುರುತು.

ಲೈಲ್ ಫೋನಿನ ಬಾಯಿ ಮುಚ್ಚಿದ. "ನಿಮ್ಮ ಬೆಸುಗೆಗಿಷ್ಟು ಬೆಂಕಿ ಹಾಕ! ಇಪ್ಪತ್ತೆಂಟು ಬೋಲ್ಟು ಬಿಗಿದಾಗಿದೆ ಕಣಮ್ಮ. ಇಪ್ಪತ್ತೆಂಟು! ಕರೀರಿ ಅವನನ್ನ."

ಗಾರ್ನೆಟ್ ಕೈಗವಸು ಕಳಚುತ್ತಾ ಬಂದ. ಓರಿಸಿಯಾಳ ಕಡೆ ನೋಡಲಿಲ್ಲ. "ಹೌದು, ಹಾಕ್ದೆ," ಎಂದ.

"ನಲವತ್ತು ವರ್ಷದ ಮೇಲೆ ಇದೇನೋ ಮಾರಾಯ?"

"ಒಂದಂಗುಲ, ಲೈಲ್."

"ಅಂಗುಲ ಅಳೆಯಕ್ಕೆ ನಿನ್ನ ಕರೆದಿಲ್ಲ. ಕೇಳು. ಬಾಯಿ ಬಿಚ್ಚಿ, ಮೊದಲು ಈಕೆ ನೋಡ್ಲಿ. ಬಿರುಕು ಇತ್ತು ಅಂದ್ರೆ ಸರ್ಕಾರಕ್ಕೆ ಬರೀಲೇಬೇಕು, ನಿನ್ನ ಬೆಸುಗೆ ಪರವಾನಗಿ ಇವತ್ತೇ ಹೋಗತ್ತೆ. ಇಲ್ಲ ಅಂದ್ರೆ ನನ್ನ ಹತ್ರ ಉಗಿಸಿಕೊಂಡು ಆಗಸ್ಟಿಗೆ ಮರ್ಯಾದೆಯಾಗಿ ಹೋಗ್ತೀಯ. ಎರಡರಲ್ಲಿ ಯಾವ್ದೇ ಆದ್ರೂ ಆ ಅಂಗುಲ ಉಜ್ಜಿ ತೆಗೆದು, ಬಿಸಿ ಮಾಡಿ, ಹೊಸದಾಗಿ ಬೆಸೆದು, ನಲವತ್ತೆಂಟು ಗಂಟೆ ಕಾಯೋದು. ಭಾನುವಾರ. ನಾನೀಗ ಕ್ಯಾಲ್ಗರಿಯವರಿಗೆ ಏನು ಹೇಳ್ಲಿ?"

"ಪೂಜೆ ಇದೆ ಅನ್ನು," ಎಂದು ಮೆಟ್ಟಿಲ ಮೇಲಿಂದ ಯಾರೋ ಕಿಸಕ್ಕೆಂದರು.

ಬೋಲ್ಟು ಬಿಚ್ಚುವ ಜನ ಓರಿಸಿಯಾಳನ್ನು ಬೈಯುತ್ತಲೇ ಬಿಚ್ಚಿದರು, ಅವಳಿಗೆ ಕೇಳಿಸುವಷ್ಟೇ ಮೆಲ್ಲಗೆ. ಅವಳು ಫೋನು ತೆಗೆದು ಅಮ್ಮನಿಗೆ ನಾಳೆ ಬರಲಾಗುವುದಿಲ್ಲ ಎಂದು ಬರೆದಳು. ಯಾಕೆ ಎನ್ನುವ ಸಾಲನ್ನು ಬರೆದು ಅಳಿಸಿ, ಬರೆದು ಅಳಿಸಿ, ಕೊನೆಗೆ ಆ ಸಾಲಿಲ್ಲದೆಯೇ ಕಳಿಸಿದಳು.

೫ ಮತ್ತು ೬ರ ನಡುವೆ

ಇಪ್ಪತ್ತೆಂಟು ಬೋಲ್ಟು ಬಿಚ್ಚುವ ತನಕ ನಮಗೂ ಸಮಯವಿದೆ. ಎರಡು ಅಂತ್ಯಗಳನ್ನು ತೋರಿಸುತ್ತೇನೆ, ಮುಟ್ಟಿ ನೋಡಿ, ಕೊಳ್ಳಲೇಬೇಕೆಂದಿಲ್ಲ.

ಎರಡನೆಯ ಅಂತ್ಯ. ನೇರಳೆ ದೀಪದಲ್ಲಿ ಹಸಿರು ಗೆರೆಯೊಂದು ಮಿಂಚಿನ ಬಳ್ಳಿಯಂತೆ ಹೊಳೆಯಿತು. ಓರಿಸಿಯಾ ಮೂರು ಮನೆಗಳನ್ನು ಉಳಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಚೆನ್ನಾಗಿದೆ," ಎಂದ ಗಾರ್ನೆಟ್. "ಅವಳಿಗೆ ಚಪ್ಪಾಳೆ, ನನಗೆ ಚಪ್ಪಲಿ. ಆ ಹುಡುಗಿ ಅಜ್ಜಿ ನೆನೆಸಿಕೊಂಡು ಅಳ್ತಿದ್ಲಲ್ಲ ಅಂತ ಒಂದು ಗೆರೆ ಎಳೆದೋನನ್ನ ಖಳನಾಯಕ ಮಾಡ್ತೀಯಾ?"

ಮೂರನೆಯ ಅಂತ್ಯ. ದೀಪದಲ್ಲಿ ಏನೂ ಕಾಣಲಿಲ್ಲ. ಎರಡು ದಿನದ ಕೆಲಸ ಹಾಳು, ಅಜ್ಜಿಯ ಕಾರ್ಯ ತಪ್ಪಿತು, ಒಬ್ಬ ಒಳ್ಳೆಯ ಮುದುಕನಿಗೆ ಎಲ್ಲರೆದುರು ಅವಮಾನ. ಇಷ್ಟೆಲ್ಲ ಇಲ್ಲದ ಒಂದು ಬಿರುಕಿಗೆ.

"ಇದನ್ನ ಬರೀಬೇಡ," ಎಂದಳು ಓರಿಸಿಯಾ.

"ಯಾಕೆ? ಅವನು ಉಳಕೊಳ್ತಾನಲ್ಲ."

"ಹೌದು," ಎಂದಳು. ಆಮೇಲೆ, "ಹಾಗಾದ್ರೆ ಬರಿ," ಎಂದಳು. ಆಮೇಲೆ, "ತಡಿ," ಎಂದಳು. ನಾನು ತಡೆದೆ.

(ವಿಮರ್ಶಕರು ಕೇಳಬಹುದು, ಪಾತ್ರಗಳನ್ನು ಇಷ್ಟು ಸಲಿಗೆಯಿಂದ ಮಾತಾಡಲು ಬಿಡುವುದೇಕೆ ಎಂದು. ಸ್ವಾಮಿ, ಆ ದಿನ ನಾನು ಇವರಿಬ್ಬರ ಜೊತೆ ಕಾಗದ ಎಲ್ಲಿ ಹಾಕಲಿ ಎನ್ನುವುದು ಬಿಟ್ಟು ಬೇರೊಂದು ಮಾತೂ ಆಡಲಿಲ್ಲ. ಇಲ್ಲಾದರೂ ಆಡಿಕೊಳ್ಳುತ್ತೇನೆ.)

೬

ಹಂಡೆಯೊಳಗೆ ಯಾರಾದರೂ ಇಳಿದರೆ ಬಾಯಿಯ ಹತ್ತಿರ ಒಬ್ಬರು ಪುಸ್ತಕ ಹಿಡಿದು ನಿಲ್ಲಬೇಕು. ಯಾರು ಒಳಗೆ ಹೋದರು, ಎಷ್ಟು ಹೊತ್ತಿಗೆ, ಏನು ತೆಗೆದುಕೊಂಡು, ಯಾವಾಗ ಹೊರಗೆ ಬಂದರು, ಎಲ್ಲ ಬರೆಯಬೇಕು. ಆ ತರಬೇತಿಯ ಚೀಟಿ ನನ್ನ ಹತ್ತಿರವೂ ಇದೆ. ಮಿಕ್ಕವರೆಲ್ಲ ಬೋಲ್ಟಿನ ಮೇಲೆ ಸಿಟ್ಟಾಗಿದ್ದರಿಂದ ನನ್ನನ್ನೇ ನಿಲ್ಲಿಸಿದರು.

ಪರೀಕ್ಷೆಗೆ ಮೊದಲು ಬೆಸುಗೆಯ ಮೇಲಿನ ಬಿಳಿ ಬಣ್ಣವನ್ನೂ ತುಕ್ಕನ್ನೂ ತಂತಿ ಬ್ರಷ್ಷಿನಿಂದ ಒರೆಸಬೇಕು. "ನಾನೇ ಒರೆಸಿಕೊಡ್ತೀನಿ," ಎಂದ ಗಾರ್ನೆಟ್. ಯಾರೂ ಬೇಡ ಎನ್ನಲಿಲ್ಲ. ಒಂದು ಗಂಟೆ ಐವತ್ತೆರಡಕ್ಕೆ ಒಳಗಿಳಿದ. ಬ್ರಷ್ಷು ಒಂದು ಎಂದು ಬರೆದೆ. ಉಕ್ಕನ್ನು ಉಜ್ಜಿ ತೆಗೆಯುವ ಯಂತ್ರ ಒಂದು ಎಂದೂ ಬರೆದೆ. ಬರೆದೆನೇ ಹೊರತು ಅದು ಯಾಕೆ ಎಂದು ಕೇಳಲಿಲ್ಲ.

ಓರಿಸಿಯಾ ಹೊರಗೆ ಮಂಡಿಯೂರಿ ಕುಳಿತು ದ್ರವ ಕಲಸುತ್ತಿದ್ದಳು. ಒಳಗಿನಿಂದ ಮೊದಲು ಕರಕರ ಎಂದು ಬ್ರಷ್ಷಿನ ಸದ್ದು ಬಂತು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಆ ಮೌನ ಎಷ್ಟು ಹೊತ್ತಿತ್ತು ಎಂದು ನನಗೆ ಈಗಲೂ ಹೇಳಲಾಗುವುದಿಲ್ಲ. ಒಬ್ಬ ಮನುಷ್ಯ ಬಗ್ಗಿ, ಒಂದಂಗುಲವನ್ನು ಹತ್ತಿರದಿಂದ ನೋಡಲು ಬೇಕಾದಷ್ಟು ಇತ್ತು. ಬೆನ್ನು ನೆಟ್ಟಗೆ ಮಾಡಿಕೊಂಡು ಉಸಿರೆಳೆಯಲು ಬೇಕಾದಷ್ಟೂ ಇತ್ತು. ಆಮೇಲೆ ಯಂತ್ರ ಕಿರುಚಿತು.

ಓರಿಸಿಯಾ ದೀಪ ಕಸಿದುಕೊಂಡು ಒಳಗೆ ನುಗ್ಗಿದಳು. ಎರಡು ಗಂಟೆ ನಾಲ್ಕು ನಿಮಿಷ.

ನಾನು ಒಳಗಿರಲಿಲ್ಲ. ಕೇಳಿಸಿದ್ದನ್ನು ಮಾತ್ರ ಬರೆಯುತ್ತೇನೆ. ಉಕ್ಕಿನ ಹೊಟ್ಟೆಯಲ್ಲಿ ಆಡಿದ ಮಾತು ಎರಡೆರಡು ಸಲ ಕೇಳಿಸುತ್ತದೆ.

"ಏನ್ ಮಾಡಿದ್ರಿ?"

"ಒರೆಸ್ದೆ."

"ಇದು ಒರೆಸೋದಾ? ಇಲ್ಲಿ ಬೆಸುಗೇನೇ ಇಲ್ಲ!"

"ಹೇಗಿದ್ರೂ ತೆಗೀಬೇಕಿತ್ತಲ್ಲ."

"ನಾನು ನೋಡಿದ ಮೇಲೆ! ಗಾರ್ನೆಟ್, ಬಿರುಕಿತ್ತಾ?"

"ದೀಪ ಇದ್ದದ್ದು ನಿನ್ನ ಹತ್ರ ಮರಿ."

"ಕಣ್ಣಿಗೇ ಕಾಣೋ ಹಾಗಿತ್ತಾ? ಹೇಳಿ. ಇತ್ತಾ?"

"ಇದ್ದಿದ್ರೆ ನಿಂಗೆ ಸಮಾಧಾನ ಆಗ್ತಿತ್ತಾ?"

ದೀಪದ ಗುಂಡಿ ಟಕ್ಕೆಂದಿತು.

"ಇಲ್ದೆ ಇದ್ದಿದ್ರೆ?"



ಓದುಗರೇ, ಇಲ್ಲಿ ನಾನು ಕೈಚೆಲ್ಲಿದೆ. ಬಿರುಕು ಕಂಡಿತು, ಅದಕ್ಕೇ ಉಜ್ಜಿದ ಎಂದು ಒಂದು ದಿನ ಬರೆದೆ. ಏನೂ ಕಾಣಲಿಲ್ಲ, ಅದು ತಿಳಿದರೆ ಸುಮ್ಮನೆ ಕೆಲಸ ನಿಲ್ಲಿಸಿದೆನಲ್ಲ ಎಂದು ಹುಡುಗಿ ಜೀವಮಾನವಿಡೀ ನಾಚಿಕೆಪಡುತ್ತಾಳೆಂದು ಉಜ್ಜಿದ ಎಂದು ಇನ್ನೊಂದು ದಿನ. ನೋಡಲೇ ಇಲ್ಲ, ಸಿಟ್ಟಿಗೆ ಹಾಗೇ ಯಂತ್ರ ಒತ್ತಿದ ಎಂದು ಮತ್ತೊಂದು ದಿನ. ಮೂರನ್ನೂ ಗಾರ್ನೆಟ್‌ಗೆ ಓದಿ ಹೇಳಿದೆ, ಕಾಗದದ ಮೇಲೆ. "ನೀನು ಬರೆಯೋಳು. ನಿಂಗೇ ಗೊತ್ತಿಲ್ಲ ಅಂದ್ರೆ ನನ್ನ ಯಾಕೆ ಪೀಡಿಸ್ತೀಯಾ?" ಎಂದ. ಆ ಒಂದಂಗುಲ ಕಿಡಿಯಾಗಿ, ಬೂದಿಯಾಗಿ ಅತ್ತೆಯ ತಳದಲ್ಲಿ ಬಿದ್ದಿತ್ತು. ಅದನ್ನು ಗುಡಿಸಿ ಯಾವ ದೀಪದಲ್ಲಿ ಹಿಡಿದರೂ ಇನ್ನು ಏನೂ ಹೇಳುವುದಿಲ್ಲ.

ಲೈಲ್ ದಡದಡನೆ ಬಂದ. ನನ್ನನ್ನು ಪಕ್ಕಕ್ಕೆ ಸರಿಸಿ ಹಂಡೆಯ ಬಾಯಿಗೆ ತಲೆ ಹಾಕಿದ.

"ಏನಾಯ್ತು? ಬಿರುಕಿತ್ತೋ ಇಲ್ವೋ? ಒಂದು ಮಾತು ಹೇಳಿ ಸಾಕು!"

ಹಂಡೆಯೊಳಗೆ ಯಾರೋ ಕಾಲು ಸರಿಸಿದರು.

"ಗೊತ್ತಿಲ್ಲ," ಎಂದಳು ಓರಿಸಿಯಾ. ಈ ಸಲ ಪಿಸುಗುಟ್ಟಲಿಲ್ಲ.

"ಗೊತ್ತಿಲ್ಲ ಅಂದ್ರೆ? ಏಯ್ ಗಾರ್ನೆಟ್, ನೀನು ಹೇಳೋ!"

"ಅವಳು ಹೇಳಿದ್ಲಲ್ಲ."

"ನಾನೇನು ದೇವ್ರನ್ನ ಕೇಳ್ಲಾ? ಒಳಗಿದ್ದವರು ನೀವಿಬ್ರೇ! ಬನ್ನಿ ಹೊರಗೆ, ಒಬ್ಬೊಬ್ಬರಾಗಿ ಬನ್ನಿ. ಮೊದಲು ಬಂದೋರು ಏನು ಹೇಳ್ತಾರೋ ಅದನ್ನೇ ಬರೆದು ಕಳಿಸ್ತೀನಿ. ನಂಗೆ ಸಾಕಾಗಿದೆ."

ಹಾಗೆಂದು ಕಾಗದ ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕುಕ್ಕರಿಸಿದ.

ಯಾರನ್ನು ಮೊದಲು ಹೊರಗೆ ತರಲಿ? ಗಾರ್ನೆಟ್ ಬಂದರೆ ಒಂದು ಕಥೆ, ಓರಿಸಿಯಾ ಬಂದರೆ ಇನ್ನೊಂದು. ಇಬ್ಬರೂ ಬಂದು ಇಬ್ಬರೂ ಅದೇ "ಗೊತ್ತಿಲ್ಲ"ವನ್ನೇ ಹೇಳಿದರೆ ಮೂರನೆಯದು. ಪುಸ್ತಕದಲ್ಲಿ ಇಬ್ಬರ ಹೆಸರಿನ ಮುಂದೆಯೂ ಹೊರಗೆ ಬಂದ ವೇಳೆಯ ಜಾಗ ಖಾಲಿ ಇದೆ. ಏಣಿ ಅಲ್ಲಾಡಿತು. ಹಂಡೆಯ ಅಂಚನ್ನು ಒಂದು ಕೈ ಹಿಡಿದುಕೊಂಡಿತು. ಕೈಗವಸು ಇಬ್ಬರದೂ ಒಂದೇ ಬಣ್ಣ.